ರಾಜ್‌ದೂತ್ 350: 'ಪಕ್ಕಾ ಎಚ್‌ಟಿ, ಒರಿಜಿನಲ್ ಜಪಾನ್ ಮಾಲು' ಅಂತಿದಾರೆ. ಪರೀಕ್ಷೆ ಮಾಡೋದು ಹೇಗೆ?

ಹಾಸನ್_350 ಕೇಳಿದ್ದು:

ನಮಸ್ಕಾರ ಎಲ್ಲರಿಗೂ.

ಸಕಲೇಶಪುರದ ಕಡೆ ಒಂದು ತೋಟದ ಮನೆ ಶೆಡ್ಡಲ್ಲಿ, ಗೊಬ್ಬರದ ಚೀಲಗಳ ಹಿಂದೆ ನಿಂತಿದ್ದ ರಾಜ್‌ದೂತ್ 350 ಬೈಕ್ (ಜಪಾನಿನ ಯಮಹಾ ಆರ್‌ಡಿ 350ಯ ನಮ್ಮ ದೇಶದ ರೂಪ) ತಗೊಂಡಿದೀನಿ. ಆರ್‌ಸಿಯಲ್ಲಿ 1986 ಅಂತಿದೆ. ಮಾರಿದವರು 'ಇದು ಎಚ್‌ಟಿ (ಹೈ ಟಾರ್ಕ್, ಹೆಚ್ಚು ಶಕ್ತಿಯ ಮಾದರಿ) ಕಣಪ್ಪ, ಮೊದಲನೇ ಲಾಟು, ಒಳಗೆಲ್ಲ ಜಪಾನ್' ಅಂತ ಆಣೆ ಹಾಕದಿದ್ರೂ ಹಾಕಿದಷ್ಟೇ ಗಟ್ಟಿಯಾಗಿ ಹೇಳಿದ್ರು. ಕಿಕ್ಕರ್ ಅಲ್ಲಾಡಲ್ಲ. ಎಡಗಡೆ ಸೈಲೆನ್ಸರ್ ಇಲ್ಲ. ಕಾರ್ಬ್ಯುರೇಟರ್ ಎರಡೂ ಇವೆ, ಆದ್ರೆ ಒಳಗೆ ಬಿಳಿ ಪುಡಿ. ಜೊತೆಗೆ ಒಂದು ಗೋಣಿಚೀಲ ತುಂಬ ಬಿಡಿಭಾಗ ಕೊಟ್ಟಿದಾರೆ. ಅದರಲ್ಲಿ ಯಾವುದು ಈ ಗಾಡಿಗೆ ಸೇರಿದ್ದು, ಯಾವುದು ಆರ್‌ಎಕ್ಸ್ ಹಂಡ್ರೆಡ್‌ದು ಅಂತ ನನಗೆ ಗೊತ್ತಾಗ್ತಿಲ್ಲ.

ಈಗ ಗಾಡಿ ತಗೊಂಡ ಸುದ್ದಿ ಹಬ್ಬಿದ ಮೇಲೆ ಫೋನ್ ಮೇಲೆ ಫೋನ್. ಒಬ್ಬರು 'ಎನ್‌ಒಎಸ್ ಜಪಾನ್ ಪಿಸ್ಟನ್ ಕಿಟ್' (ಬಳಸದೆ ಉಳಿದ ಹಳೇ ಸ್ಟಾಕು) ಅಂತ ಹಳದಿಯಾದ ಡಬ್ಬದ ಫೋಟೋ ಕಳಿಸಿದಾರೆ. ಮೇಲೆ ಯಮಹಾದ ಮೂರು ಟ್ಯೂನಿಂಗ್ ಫೋರ್ಕ್ ಗುರುತು ಇದೆ, ನಂಬರೂ ಇದೆ. ಇನ್ನೊಬ್ಬರು 'ಎಚ್‌ಟಿ ಬೋರ್ ಜೋಡಿ' (ಎರಡು ಸಿಲಿಂಡರ್) ಇದೆ, ಬೇಕಿದ್ರೆ ನಾಳೆನೇ ಅಡ್ವಾನ್ಸ್ ಹಾಕಿ ಅಂತಿದಾರೆ. ಮೂರನೆಯವರು ಮುಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕು, ಜಪಾನಿನ ಆರ್‌ಡಿಗೆ ಅದೇ ಇದ್ದಿದ್ದು, ಆಗ ಗಾಡಿ 'ಒರಿಜಿನಲ್' ಆಗುತ್ತೆ ಅಂತ ಉಪದೇಶ ಮಾಡ್ತಿದಾರೆ.

ನನ್ನ ಪ್ರಶ್ನೆ ಇಷ್ಟೇ: ನನ್ನ ಗಾಡಿ ನಿಜವಾಗಿ ಎಚ್‌ಟಿನಾ? ಬರ್ತಿರೋ ಸಾಮಾನು ಅಸಲಿಯೋ ನಕಲಿಯೋ ಅಂತ ದುಡ್ಡು ಕೊಡೋ ಮೊದಲೇ ಹೇಗೆ ನೋಡೋದು? ಯಾರನ್ನ ಕೇಳಿದ್ರೂ 'ನೋಡಿದ ತಕ್ಷಣ ಗೊತ್ತಾಗುತ್ತೆ' ಅಂತಾರೆ. ನನಗೆ ಗೊತ್ತಾಗ್ತಿಲ್ಲ.

ಹೊಗೆಬತ್ತಿ ಹೇಳಿದ್ದು:

ಫೋಟೋ ಹಾಕಿ ಗುರು ಮೊದ್ಲು! ಮತ್ತೆ ಜಾಮ್ ಆಗಿರೋ ಎಂಜಿನ್ನಿನ ಕಿಕ್ಕರ್ ಮೇಲೆ ನಿಂತು ಕುಣೀಬೇಡಿ. ಪ್ಲಗ್ ಬಿಚ್ಚಿ ಒಳಗೆ ಡೀಸೆಲ್ಲು, ಎಣ್ಣೆ ಮಿಶ್ರಣ ಹುಯ್ದು ಸುಮ್ನೆ ಬಿಡಿ. ಉಳಿದಿದ್ದು ಲೇತ್ ಅಣ್ಣ ಬಂದು ಹೇಳ್ತಾರೆ.

ಲೇತ್_ಮೈಸೂರ್‌ರೋಡ್ ಹೇಳಿದ್ದು:

ನಾನು ಮೆಕ್ಯಾನಿಕ್ ಅಲ್ಲ. ಮೈಸೂರು ರಸ್ತೆಯಲ್ಲಿ ಬೋರಿಂಗ್, ಹೋನಿಂಗ್ ಅಂಗಡಿ ನನ್ನದು. ಇಡೀ ಗಾಡಿ ನನ್ನ ಹತ್ರ ಬರೋದು ಅಪರೂಪ. ಹೊಟ್ಟೆಯೊಳಗಿನ ಸಾಮಾನು ಮಾತ್ರ ಗೋಣಿಚೀಲದಲ್ಲಿ ಬರುತ್ತೆ. ಹಾಗಾಗಿ ಬ್ಯಾಜು, ಸ್ಟಿಕ್ಕರು, ಹಳದಿ ಡಬ್ಬದ ಮೇಲೆ ನನಗೆ ಅಂಥ ಭಕ್ತಿ ಇಲ್ಲ.

ಮೊದಲು ಎಚ್‌ಟಿ ವಿಷಯ. ಜಪಾನಿನ ಆರ್‌ಡಿ 350ಗೆ 39 ಎಚ್‌ಪಿ, 7500 ಆರ್‌ಪಿಎಂನಲ್ಲಿ. ರಾಜ್‌ದೂತ್ ತಯಾರಿಸ್ತಿದ್ದ ಎಸ್ಕಾರ್ಟ್ಸ್ ಕಂಪನಿಯವರು 1983ರಲ್ಲಿ ಇಲ್ಲಿ ಬಿಟ್ಟಾಗ ಅದನ್ನ 30.5ಕ್ಕೆ ಇಳಿಸಿದ್ರು, 6750 ಆರ್‌ಪಿಎಂ. ಅದೇ ಎಚ್‌ಟಿ. ಆಗಲೂ ಪೆಟ್ರೋಲ್ ಕುಡಿಯುತ್ತೆ ಅಂತ ಜನ ಹತ್ತಿರ ಬರಲಿಲ್ಲ. 1985ರ ಸುಮಾರಿಗೆ ಎಲ್‌ಟಿ (ಲೋ ಟಾರ್ಕ್) ಬಂತು, 27 ಎಚ್‌ಪಿ, 6500ರಲ್ಲಿ. ಮೂರಕ್ಕೂ ಅದೇ 347 ಸಿಸಿ, ಅದೇ 64 ಎಂಎಂ ಬೋರು (ಸಿಲಿಂಡರಿನ ಒಳವ್ಯಾಸ), 54 ಎಂಎಂ ಸ್ಟ್ರೋಕು (ಪಿಸ್ಟನ್ ಓಡೋ ದೂರ). ಹಾಗಾದ್ರೆ ಆ ಕುದುರೆಗಳೆಲ್ಲ ಎಲ್ಲಿ ಹೋದ್ವು? ಸಿಲಿಂಡರ್ ಗೋಡೆಯ ಪೋರ್ಟ್‌ನಲ್ಲಿ, ಎಕ್ಸಾಸ್ಟ್ ಪೈಪಲ್ಲಿ. ಈ ಟೂ ಸ್ಟ್ರೋಕಿನ ಎಕ್ಸಾಸ್ಟಿಗೆ ವಾಲ್ವ್ ಇಲ್ಲ, ಗೋಡೆಯ ತೂತನ್ನ ಪಿಸ್ಟನ್ನೇ ತೆಗೆದು ಮುಚ್ಚುತ್ತೆ. ಎಕ್ಸಾಸ್ಟ್ ತೂತಿನ ಮೇಲಂಚು ಎತ್ತರ ಇದ್ದಷ್ಟೂ ಅದು ಬೇಗ ತೆರೆದು ಹೆಚ್ಚು ಹೊತ್ತು ತೆರೆದಿರುತ್ತೆ, ಗಾಡಿ ಮೇಲಿನ ಆರ್‌ಪಿಎಂನಲ್ಲಿ ಓಡುತ್ತೆ. ತಗ್ಗಿದ್ರೆ ಮೆತ್ತಗೆ, ಮೈಲೇಜು.

ನಿಮ್ಮದು 1986. ಮೊದಲನೇ ಲಾಟು ಅಂತೂ ಅಲ್ಲ. ಆರ್‌ಸಿಯಲ್ಲಿ ನೋಂದಣಿ ದಿನಾಂಕ ಬೇರೆ, ತಯಾರಾದ ತಿಂಗಳು ಬೇರೆ ಇರುತ್ತೆ, ಎರಡನ್ನೂ ನೋಡಿ. ಡೀಲರ್ ಹತ್ರ ಮಾರಾಟವಾಗದೆ ನಿಂತಿದ್ದ ಗಾಡಿ ಆಮೇಲೆ ನೋಂದಣಿ ಆಗಿರಬಹುದು. ಈ ಗಾಡಿಗಳು ಹಾಗೆ ನಿಂತದ್ದು ಉಂಟು, ಬೇಕಾದಷ್ಟು. ಏನೇ ಇರಲಿ, ಇಷ್ಟು ವರ್ಷದಲ್ಲಿ ಬೋರ್ ಬದಲಾಗದೇ ಉಳಿದಿರೋ ಆರ್‌ಡಿ ಸಿಗೋದು ಕಷ್ಟ. ಆದ್ದರಿಂದ 'ಗಾಡಿ ಎಚ್‌ಟಿನಾ' ಅಂತ ಕೇಳೋದಕ್ಕಿಂತ 'ಈಗ ಇದರ ಮೇಲೆ ಕೂತಿರೋ ಬೋರ್ ಯಾವುದು' ಅಂತ ಕೇಳಿ.

ಹೆಡ್ ಬಿಚ್ಚಿ, ಬೋರ್ ಎತ್ತಿ, ತೊಳೆದು ಬಿಳಿ ಬಟ್ಟೆ ಮೇಲೆ ಇಡಿ. ವರ್ನಿಯರ್‌ನ ಬಾಲದಿಂದ ಬೋರಿನ ಮೇಲಂಚಿನಿಂದ ಎಕ್ಸಾಸ್ಟ್ ಪೋರ್ಟಿನ ಮೇಲಂಚಿನವರೆಗೆ ಅಳೆಯಿರಿ. ಎಡ, ಬಲ ಎರಡನ್ನೂ. ಸಂಖ್ಯೆ ಎಷ್ಟು ಬಂತು ಅನ್ನೋದು ಆಮೇಲೆ, ಮೊದಲು ಎರಡೂ ಒಂದೇ ಇದೆಯಾ ನೋಡಿ. ನಂತರ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕಾರ್ಖಾನೆಯಿಂದ ಬಂದ ಪೋರ್ಟಿನ ಒಳಮೈ ಎರಕದ ಹದವಾದ ಒರಟು. ಗ್ರೈಂಡರ್ ಹಾಕಿದ್ದರೆ ಗೆರೆ ಗೆರೆ ಹೊಳಪು ಕಾಣುತ್ತೆ, ಮೇಲಂಚು ಒಂದು ಕಡೆ ಸ್ವಲ್ಪ ಜಾರಿರುತ್ತೆ. ಊರಲ್ಲಿ 'ಎಚ್‌ಟಿ ಬೋರ್' ಅಂತ ಓಡಾಡೋದರಲ್ಲಿ ಒಂದು ದೊಡ್ಡ ಪಾಲು, ಯಾವನೋ ರೇಸಿನ ಹುಚ್ಚಿಗೆ ಎಲ್‌ಟಿ ಪೋರ್ಟನ್ನ ಉಜ್ಜಿ ಎತ್ತರಿಸಿದ್ದು. ಅದು ಕೆಟ್ಟದ್ದೇ ಅಂತ ನಾನು ಹೇಳಲ್ಲ, ಚೆನ್ನಾಗಿ ಉಜ್ಜಿದವರೂ ಇದಾರೆ. ಆದರೆ ಎಚ್‌ಟಿ ಬೆಲೆ ಕೊಡಬೇಡಿ.

ಇನ್ನೊಂದು: ತೋಳು ಬದಲಾಯಿಸಿದ ಬೋರ್. ಸ್ಲೀವ್ ಅಂತೀವಿ. ಅಲ್ಯೂಮಿನಿಯಂ ಮೈಯೊಳಗೆ ಕಬ್ಬಿಣದ ತೋಳು ಇರುತ್ತೆ. ಓವರ್‌ಸೈಜ್ (ಸವೆದ ಬೋರ್ ಕೊರೆದು ಹಾಕೋ ದೊಡ್ಡ ಪಿಸ್ಟನ್) ಎಲ್ಲ ಮುಗಿದ ಮೇಲೆ ಹೊಸ ತೋಳು ಕೂರಿಸ್ತಾರೆ. ಆ ತೋಳಿನ ಕಿಟಕಿಗಳು ಅಲ್ಯೂಮಿನಿಯಂನ ದಾರಿಗೆ ಸರಿಯಾಗಿ ಎದುರು ಕೂತಿವೆಯಾ, ಮೆಟ್ಟಿಲು ಬಿದ್ದಿದೆಯಾ ಅಂತ ಬೆರಳಾಡಿಸಿ. ಮೆಟ್ಟಿಲಿದ್ದರೆ ನಮಸ್ಕಾರ ಹೇಳಿ ವಾಪಸ್ ಕೊಡಿ.

ಈಗ ಆ ಹಳದಿ ಡಬ್ಬ. ಯಮಹಾ ಪಾರ್ಟ್ ನಂಬರು ಮೂರು ತುಂಡು. ಮೊದಲ ಮೂರು ಅಕ್ಷರ, ಆ ಸಾಮಾನು ಮೊದಲು ಯಾವ ಮಾಡೆಲ್‌ಗೆ ಹುಟ್ಟಿತು ಅನ್ನೋದು. ನಡುವಿನ ಐದು ಅಂಕಿ, ಅದು ಏನು ಸಾಮಾನು ಅನ್ನೋದು. ಕೊನೆಯ ಎರಡು, ಎಷ್ಟನೇ ತಿದ್ದುಪಡಿ ಅನ್ನೋದು. ನಡುವಿನ ಐದನ್ನ ಬಾಯಿಪಾಠ ಮಾಡಿಕೊಂಡ್ರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತೆ. 11631 ಅಂದ್ರೆ ಸ್ಟಾಂಡರ್ಡ್ ಪಿಸ್ಟನ್. 11635 ಮೊದಲ ಓವರ್‌ಸೈಜ್, 0.25 ಎಂಎಂ. 11636 ಎರಡನೆಯದು, 0.50. 11610 ರಿಂಗ್ ಸೆಟ್. 13610 ರೀಡ್ ವಾಲ್ವ್. ಫೋಟೋದಲ್ಲಿ ಡಬ್ಬದ ಮೇಲೆ 11631 ಇದ್ದು, ಪಿಸ್ಟನ್ ತಲೆ ಮೇಲೆ 0.50 ಅಂತ ಹೊಡೆದಿದ್ದರೆ, ಡಬ್ಬ ಒಬ್ಬರ ಮನೇದು, ಪಿಸ್ಟನ್ ಇನ್ನೊಬ್ಬರ ಮನೇದು. ಖಾಲಿ ಡಬ್ಬಕ್ಕೂ ಬೆಲೆ ಇದೆ ಸ್ವಾಮಿ ಈ ಊರಲ್ಲಿ, ಅದನ್ನೇ ಕೊಳ್ಳೋರಿದಾರೆ.

ಪಿಸ್ಟನ್ ಕೈಗೆ ಬಂದ ಮೇಲೆ: ತಲೆ ಮೇಲೆ ಬಾಣದ ಗುರುತು ಇರಬೇಕು, ಅದು ಎಕ್ಸಾಸ್ಟ್ ಕಡೆಗೆ, ಅಂದ್ರೆ ಮುಂದಕ್ಕೆ. ರಿಂಗ್ ಕೂರುವ ಕಾಲುವೆಯಲ್ಲಿ ಚಿಕ್ಕ ಪಿನ್ ಇರಬೇಕು, ರಿಂಗ್ ತಿರುಗಿ ಅದರ ಬಾಯಿ ಪೋರ್ಟಿಗೆ ಸಿಕ್ಕದ ಹಾಗೆ ಹಿಡಿಯೋದು ಅದೇ. ನಕಲಿಯಲ್ಲಿ ಈ ಪಿನ್ ಸಡಿಲ ಇರೋದನ್ನ ನೋಡಿದೀನಿ. ಅದು ಓಡ್ತಾ ಓಡ್ತಾ ಕಿತ್ತು ಬಂದ್ರೆ ಬೋರಿನ ಕಥೆ ಮುಗೀತು. ಆಮೇಲೆ ಎರಡೂ ಪಿಸ್ಟನ್ ತೂಕ ಮಾಡಿಸಿ. ಕಿರಾಣಿ ತಕ್ಕಡಿ ಬೇಡ, ಪರಿಚಯದ ಚಿನ್ನದಂಗಡಿಗೆ ಹೋಗಿ. ನಗ್ತಾರೆ, ನಗಲಿ. ಜೋಡಿ ಎಂಜಿನ್ ಇದು, ಒಂದು ಭಾರ ಒಂದು ಹಗುರ ಆದ್ರೆ ಹ್ಯಾಂಡಲ್ಲಿನಲ್ಲಿ ಜುಮ್ಮೆನ್ನುತ್ತೆ.

ಇದಕ್ಕಿಂತ ಮುಖ್ಯ: ಬೋರ್ ಅಳೆಯದೆ ಪಿಸ್ಟನ್ ಕೊಳ್ಳಬೇಡಿ. ಬೋರ್ ಎಷ್ಟು ತಿಂದಿದೆ, ಎಷ್ಟು ಮೊಟ್ಟೆಯಾಕಾರ ಆಗಿದೆ ಅಂತ ಡಯಲ್ ಗೇಜ್ ಹೇಳಬೇಕು. ಆಮೇಲೆ ಸೈಜ್, ಆಮೇಲೆ ಪಿಸ್ಟನ್, ಆ ಪಿಸ್ಟನ್ನಿಗೆ ತಕ್ಕ ಹಾಗೆ ಬೋರಿಂಗ್. ಫೋರ್ಜ್ಡ್ (ಒತ್ತಿ ಬಡಿದು ಮಾಡಿದ) ಪಿಸ್ಟನ್ ತಂದ್ರೆ ಎರಕದ ಪಿಸ್ಟನ್ನಿಗಿಂತ ಜಾಸ್ತಿ ಸಂದು ಕೇಳುತ್ತೆ, ಬಿಸಿಗೆ ಹೆಚ್ಚು ಹಿಗ್ಗುತ್ತೆ. ಎರಕದ ಲೆಕ್ಕದಲ್ಲಿ ಬೋರ್ ಮಾಡಿಸಿ ಫೋರ್ಜ್ಡ್ ಹಾಕಿ, ಬೆಳಿಗ್ಗೆ ತಣ್ಣಗಿದ್ದಾಗಲೇ ಎಳೆದು ಜಾಮ್ ಮಾಡಿಕೊಂಡು ಬರೋ ಹುಡುಗರು ನನಗೆ ಖಾಯಂ ಗಿರಾಕಿಗಳು.

ದುಡ್ಡನ್ನ ಎಲ್ಲಿ ಹಾಕಬೇಕು ಅಂತ ಕೇಳಿದ್ರೆ: ಕ್ರ್ಯಾಂಕಿಗೆ, ಪಿಸ್ಟನ್ನುಗಳು ತಿರುಗಿಸೋ ದಂಡಕ್ಕೆ. ಅದು ಹೊರಗೆ ಕಾಣಲ್ಲ, ಫೋಟೋದಲ್ಲಿ ಲೈಕ್ ಬರಲ್ಲ, ಹಾಗಾಗಿ ಎಲ್ಲರೂ ಟ್ಯಾಂಕ್ ಪೇಂಟಿಗೆ ಹಾಕ್ತಾರೆ. ಆರ್‌ಡಿ ಕ್ರ್ಯಾಂಕಿನ ಎರಡು ತುದಿಯಲ್ಲೂ ಆಯಿಲ್ ಸೀಲ್. ಬಲಗಡೆ ಕ್ಲಚ್ ಕಡೆಯದು ಹೋದ್ರೆ ಗೇರ್ ಆಯಿಲನ್ನ ಎಂಜಿನ್ ಎಳ್ಕೊಂಡು ಸುಡುತ್ತೆ, ಬಿಳಿ ಹೊಗೆ ನಿಲ್ಲಲ್ಲ. ಎಡಗಡೆ, ಕಿಡಿಯ ಹೊತ್ತು ಹಿಡಿಯೋ ಪಾಯಿಂಟ್ಸ್ ಕಡೆಯದು ಹೋದ್ರೆ ಹೊಗೆಯೇ ಬರಲ್ಲ. ಸುಮ್ನೆ ಗಾಳಿ ಎಳೆಯುತ್ತೆ, ಮಿಶ್ರಣ ತೆಳುವಾಗುತ್ತೆ, ಎಡ ಪಿಸ್ಟನ್ ಕರಗುತ್ತೆ. ನಿಮ್ಮ ಎಂಜಿನ್ ಜಾಮ್ ಆಗಿರೋದು ಎಡಗಡೆ ಅಂತಾದ್ರೆ ನನಗೆ ಆಶ್ಚರ್ಯ ಆಗಲ್ಲ. ಹೊಸ ಸೀಲ್ ಹಾಕಿ ಎಂಜಿನ್ ಮುಚ್ಚಿದ ಮೇಲೆ ಪೋರ್ಟುಗಳಿಗೆಲ್ಲ ಮುಚ್ಚಳ ಹಾಕಿ 6 ಪಿಎಸ್‌ಐ ಗಾಳಿ ತುಂಬಿ, 6 ನಿಮಿಷ ನಿಲ್ಲಬೇಕು. ನಿಲ್ಲದಿದ್ರೆ ಸೋಪಿನ ನೀರು ಹಚ್ಚಿ ಎಲ್ಲಿ ಗುಳ್ಳೆ ಅಂತ ಹುಡುಕಿ. ಸೀಲ್ ಅಸಲಿಯೋ ನಕಲಿಯೋ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಗೊತ್ತಿಲ್ಲ.

ಕಾರ್ಬ್ಯುರೇಟರ್ ಮೈ ನಿಮ್ಮದೇ ಇಟ್ಕೊಳ್ಳಿ, ಚೆನ್ನಾಗಿ ತೊಳೆದ್ರೆ ಸಾಕು. ಪೆಟ್ರೋಲ್ ಅಳೆದು ಬಿಡೋ ಜೆಟ್ ಮಾತ್ರ ಹುಷಾರು. ಅಸಲಿ ಮಿಕುನಿ ಕಂಪನಿಯ ಜೆಟ್ಟಿನ ಮೇಲೆ ನಂಬರಿನ ಜೊತೆ ಚೌಕದೊಳಗೊಂದು ಚೌಕದ ಪುಟ್ಟ ಗುರುತು ಇರುತ್ತೆ, ಭೂತಗನ್ನಡಿ ಹಿಡಿದು ನೋಡಿ. ನಕಲಿ ಜೆಟ್ಟಿಗೆ ತೂತು ಕೊರೆದವನು ಹೇಳಿದ್ದೇ ನಂಬರು. ಪ್ಲಗ್ ಎನ್‌ಜಿಕೆ ಬಿ8ಎಚ್‌ಎಸ್. ಅದರಲ್ಲೂ ನಕಲಿ ಇದೆ, ವಾಷರ್ ಕೈಯಲ್ಲಿ ತಿರುಗಿಸಿದ್ರೆ ಸುಲಭವಾಗಿ ಕಳಚಿ ಬಂದ್ರೆ ಅನುಮಾನ ಪಡಿ. ಆರು ಮೂಲೆಯ ಮೈ ಮೇಲೆ ಲಾಟ್ ನಂಬರ್ ಒತ್ತಿರಬೇಕು.

ಡಿಸ್ಕ್ ಹಾಕೋರ ಮಾತು ಕೇಳಬೇಡಿ. ರಾಜ್‌ದೂತ್‌ಗೆ ಹುಟ್ಟಿನಿಂದ ಬಂದಿದ್ದೇ 7 ಇಂಚಿನ ಟ್ವಿನ್ ಲೀಡಿಂಗ್ ಶೂ (ಎರಡೂ ಶೂ ಒಟ್ಟಿಗೆ ಕಚ್ಚೋ) ಡ್ರಮ್. ಅದನ್ನ ತೆಗೆದ್ರೆ ಜಪಾನಿನ ಗಾಡಿಯೂ ಆಗಲ್ಲ, ನಮ್ಮದಾಗಿಯೂ ಉಳಿಯಲ್ಲ. ಶೂಗೆ ಹೊಸ ಲೈನಿಂಗ್ ಹಾಕಿಸಿ, ಡ್ರಮ್ಮಿನ ಬಾಗಿಗೆ ಸರಿಯಾಗಿ ಉಜ್ಜಿಸಿ, ಎರಡೂ ಲಿವರ್ ಒಟ್ಟಿಗೆ ಏಳೋ ಹಾಗೆ ರಾಡ್ ಹೊಂದಿಸಿ. ನಿಲ್ಲುತ್ತೆ.

ಹುಬ್ಬಳ್ಳಿ_ರಾಯರು ಹೇಳಿದ್ದು:

ಲೇತ್ ಅಣ್ಣಾರು ಎಂಜಿನ್ ಹೊಟ್ಟಿ ಬಿಚ್ಚಿ ತೋರಿಸ್ಯಾರ, ಛಲೋ ಆತು. ಆದ್ರ ನಾ ಒಂದ್ ಮಾತ ಹೇಳ್ತೀನ್ರಿ, ಸ್ಪ್ಯಾನರ್ ಮುಟ್ಟೂಕಿಂತ ಮೊದ್ಲ ಚಾಸಿಸ್ ನಂಬರ ನೋಡ್ರಿ. ಹ್ಯಾಂಡಲ್ ಕೆಳಗ ಕತ್ತಿನ ಮ್ಯಾಲ ಹೊಡದಿರ್ತದ. ಬಣ್ಣ ದಪ್ಪ ಇದ್ರ ಸ್ಯಾಂಡ್ ಪೇಪರ್ ಹಚ್ಚಬ್ಯಾಡ್ರಿ, ಪೇಂಟ್ ರಿಮೂವರ್ ಹಚ್ಚಿ ಮೆತ್ತಗ ಒರಸ್ರಿ. ಆಮ್ಯಾಗ ತೆಳು ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೀರಿ. ಆರ್‌ಟಿಓದಾಗ ಮಾಡೂದೂ ಅದನ್ನ. ಅಕ್ಷರ ಎಲ್ಲಾ ಒಂದ ಸಾಲಿನ್ಯಾಗ, ಒಂದ ಆಳದಾಗ ಅವ ಏನು, ಒಂದರ ಕೆಳಗ ಹಳೇ ಅಂಕಿ ನೆರಳು ಕಾಣಸ್ತದೇನು ನೋಡ್ರಿ. ಒಂದ್ ಅಂಕಿ ಆರ್‌ಸಿಗೆ ಕೂಡ್ಲಿಲ್ಲಂದ್ರ ಅಲ್ಲೇ ನಿಲ್ಲಸ್ರಿ, ರೊಕ್ಕಾ ಹಾಕಬ್ಯಾಡ್ರಿ.

ಆರ್‌ಸಿ 15 ವರ್ಷಕ್ಕ ಮುಗದಿರ್ತದ, ಆಮ್ಯಾಲ ಐದೈದು ವರ್ಷಕ್ಕೊಮ್ಮೆ ನವೀಕರಣ. ನಡುವ ಯಾರೂ ಮಾಡ್ಸಿಲ್ಲಂದ್ರ ದಂಡ ಕಟ್ಟಬೇಕಾಗ್ತದ, ಅದನ್ನೂ ಗಾಡಿ ರೇಟಿನಾಗ ಲೆಕ್ಕಾ ಹಿಡೀರಿ. ಹಳೇ ಪುಸ್ತಕದ ಆರ್‌ಸಿ ಇದ್ರ ಪರಿವಾಹನ್ ತಾಣದಾಗ ಕಾಣಂಗಿಲ್ಲ, ಮೊದ್ಲ ಕಂಪ್ಯೂಟರಿಗೆ ಏರಸ್ಬೇಕು. ವಿಂಟೇಜ್ ನಂಬರ್ ಮಾಡಸ್ತೀನಿ ಅಂತ ಏಜೆಂಟ್ ಬಂದ್ರ ಓಡಸ್ರಿ. 2021ರ ನಿಯಮದಾಗ 50 ವರ್ಷ ದಾಟಿದ ಗಾಡಿಗೆ ಮಾತ್ರ ಅದು, ಇದಕ್ಕ ಇನ್ನೂ ವಯಸ್ಸಾಗಿಲ್ಲ.

ಇನ್ನ ಎಂಜಿನ್ ಬದಲಿ ಮಾಡಿದ್ರ ಅದನ್ನ ಆರ್‌ಸಿದಾಗ ಬರಸ್ಬೇಕು. ಗುಜರಿದಾಗ 'ಪೂರಾ ಜಪಾನ್ ಎಂಜಿನ್ ಕೊಡ್ತೀನಿ, ಕಾಗದ ಕೇಳಬ್ಯಾಡ' ಅನ್ನಾವ್ರು ಸಿಗ್ತಾರ. ಕಾಗದ ಇಲ್ಲದ ಕ್ರ್ಯಾಂಕ್ ಕೇಸ್ ಬ್ಯಾಡ್ರಿ. ಕ್ಲಚ್ ಕವರ್, ಫುಟ್‌ರೆಸ್ಟ್ ತಗೊಳ್ರಿ, ನಂಬರ್ ಇದ್ದ ಸಾಮಾನ ತಗೋಬ್ಯಾಡ್ರಿ.

ಸೈಲೆನ್ಸರ್ ಬಗ್ಗೆ ಯಾರೂ ಹೇಳಲಿಲ್ಲ. ಬಲಗಡೆದು ಐತಲ್ಲ, ಅದನ್ನ ಬಿಸಾಕಬ್ಯಾಡ್ರಿ, ಎಷ್ಟ ತುಕ್ಕು ಇದ್ರೂ. ಈಗ ಮಾಡಿ ಮಾರೂವು ಹೊರಗ ಕ್ರೋಮ್ ಥಳಥಳ, ಒಳಗ ಕೋನ್ ಇರಂಗಿಲ್ಲ, ಬರೇ ಕೊಳವಿ. ಕೈಯಾಗ ಹಿಡದ್ರನ ತೂಕದ ಫರಕ್ ತಿಳೀತದ. ಹಳೇದನ್ನ ಕಾಸ್ಟಿಕ್ ಸೋಡಾದಾಗ ನೆನಸಿ ಒಳಗಿನ ಕಿಟ್ಟ ತಗದು, ಅದನ್ನ ಮಾದರಿ ಇಟ್ಟು ಎಡಗಡೆದು ಮಾಡಸ್ರಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಗ್ಲಾಸ್ ಹಾಕ್ಕೊಳ್ರಿ ಮತ್ತ.

ಹಮಾಮತ್ಸು_ಕನ್ನಡಿಗ ಹೇಳಿದ್ದು:

ಯಮಹಾ ಮುಖ್ಯ ಕಚೇರಿ ಇರೋ ಇವಾಟಾ ನಮ್ಮ ಪಕ್ಕದ ಊರು, ಆದರೂ ಇಲ್ಲಿ ರಸ್ತೆಯಲ್ಲಿ ಆರ್‌ಡಿ ನೋಡೋದು ಬೆಂಗಳೂರಿಗಿಂತ ಕಡಿಮೆ ಅಂದ್ರೆ ನಂಬಬೇಕು ನೀವು. ಬಸವನಗುಡಿಯಲ್ಲಿ ಭಾನುವಾರ ಬೆಳಿಗ್ಗೆ ಕೇಳೋ ಸದ್ದು ಇಲ್ಲಿ ಕೇಳಲ್ಲ.

ಜಪಾನಿನಿಂದ ತರಿಸೋದಾದ್ರೆ ಗಾಡಿ ಹೆಸರಲ್ಲಿ ಹುಡುಕಬೇಡಿ. 'ರಾಜ್‌ದೂತ್' ಅಂದ್ರೆ ಇಲ್ಲಿ ಯಾರಿಗೂ ಗೊತ್ತಿಲ್ಲ. 'ಆರ್‌ಡಿ 350' ಅಂದ್ರೆ ಬೆಲೆ ಆಕಾಶ. ಪಾರ್ಟ್ ನಂಬರಿನಲ್ಲೇ ಹುಡುಕಿ. ಲೇತ್ ಅವರು ಹೇಳಿದ ಮೊದಲ ಮೂರು ಅಕ್ಷರದ ಗುಟ್ಟು ಇಲ್ಲಿ ಕೆಲಸಕ್ಕೆ ಬರುತ್ತೆ. ಒಂದೇ ಸಾಮಾನನ್ನ ಯಮಹಾ ಹತ್ತಾರು ಗಾಡಿಗೆ ಹಾಕಿದೆ. ಕ್ಲಚ್ ಪ್ಲೇಟ್ ಉದಾಹರಣೆ: ಆರ್‌ಡಿ 350ದು, ಆರ್‌ಡಿ 400ದು, ಅಮೆರಿಕದಲ್ಲಿ 2006ರವರೆಗೆ ಮಾರಿದ ಬ್ಯಾನ್ಶೀ ಅನ್ನೋ ನಾಲ್ಕು ಚಕ್ರದ ಗಾಡಿಯದು ಒಂದಕ್ಕೊಂದು ಹೊಂದುತ್ತೆ. ಬ್ಯಾನ್ಶೀ ಹೆಸರಲ್ಲಿ ಕೊಂಡ್ರೆ ಹೊಸ ಮಾಲು, ಕಡಿಮೆ ಬೆಲೆ. 'ಅಪರೂಪದ ವಿಂಟೇಜ್' ಅನ್ನೋ ತೆರಿಗೆ ಇಲ್ಲ. ಕ್ರ್ಯಾಂಕ್ ಮಾತ್ರ ಆರ್‌ಡಿ 400ದು ತರಬೇಡಿ, ಅದರ ಸ್ಟ್ರೋಕ್ 62 ಎಂಎಂ.

ಮುಂದಿನ ಡ್ರಮ್ ಸಾಮಾನು ಬೇಕಿದ್ರೆ ಆರ್‌ಡಿ ಬಿಟ್ಟು ಹಿಂದಕ್ಕೆ ಹೋಗಿ. 1970ರ ಯಮಹಾ ಆರ್5 ಗಾಡಿಯ ಡ್ರಮ್ ಅದು. ಆ ಆರ್5 ಜಪಾನಿನೊಳಗೆ ಮಾರಾಟವಾಗಿದ್ದು ಆರ್‌ಎಕ್ಸ್ 350 ಅಂತ. ನಮ್ಮ ಆರ್‌ಎಕ್ಸ್ ಹಂಡ್ರೆಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿನ ಯಾಹೂ ಹರಾಜು ತಾಣದಲ್ಲಿ ಹೊರದೇಶದವರು ನೇರ ಕೂಗೋದು ಕಷ್ಟ, ಮಧ್ಯವರ್ತಿ ತಾಣಗಳು ಕೊಂಡು ಕಳಿಸ್ತವೆ. 'ಜಂಕ್' ಅಂತ ಬರೆದಿದ್ರೆ ವಾಪಸ್ ತಗೊಳ್ಳಲ್ಲ ಅಂತ ಅರ್ಥ. ಯುರೋಪಿನಿಂದಾದ್ರೆ ನೆದರ್‌ಲೆಂಡ್ಸ್‌ನ ಸಿಎಂಎಸ್ಎನ್ಎಲ್ ತಾಣದಲ್ಲಿ ಬಿಚ್ಚಿಟ್ಟ ಚಿತ್ರಗಳ ಪಾರ್ಟ್ಸ್ ಪಟ್ಟಿ ಪುಕ್ಕಟೆ ನೋಡಬಹುದು. ಕೊಳ್ಳದಿದ್ರೂ ಪರವಾಗಿಲ್ಲ, ನಿಮ್ಮ ಗೋಣಿಚೀಲದ ಸಾಮಾನನ್ನ ಆ ಚಿತ್ರದ ಪಕ್ಕ ಇಟ್ಟು ವಿಂಗಡಿಸಿ. ಯಾವುದು ಆರ್‌ಎಕ್ಸ್‌ದು ಅಂತ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತೆ.

ಮತ್ತೆ ಒಂದು. ಈ ಗಾಡಿಗಳ ಸ್ಕ್ರೂ ಜಪಾನಿನ ಜೆಐಎಸ್ ಅಳತೆಯದು, ಸಾಮಾನ್ಯ ಫಿಲಿಪ್ಸ್ ಅಲ್ಲ. ನಮ್ಮ ಡ್ರೈವರ್ ಹಾಕಿದ್ರೆ ಜಾರಿ ತಲೆ ಸವೆಯುತ್ತೆ. ತಲೆಯ ಮೇಲೆ ಪುಟ್ಟ ಚುಕ್ಕಿ ಇರೋ ಸ್ಕ್ರೂ ಸಿಕ್ಕಿ, ಅದರ ಅಡ್ಡಗೆರೆ ಸವೆಯದೆ ಇದ್ರೆ, ಆ ಕವರ್ ಹೆಚ್ಚು ಸಲ ಬಿಚ್ಚಿಲ್ಲ ಅಂತ ಒಂದು ಅಂದಾಜು.

ಹಾಸನ್_350 ಹೇಳಿದ್ದು:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಚಾಸಿಸ್ ಅಚ್ಚು ತೆಗೆದೆ, ಆರ್‌ಸಿಗೆ ಸರಿಯಾಗಿ ಕೂಡುತ್ತೆ, ಎಂಜಿನ್ ನಂಬರೂ ಅದೇ. ತಯಾರಾದ ತಿಂಗಳು ಆರ್‌ಸಿಯಲ್ಲಿ 1986ರ ಜನವರಿ. ಹೆಡ್ ಬಿಚ್ಚಿದ್ವಿ. ಜಾಮ್ ಆಗಿರೋದು ಎಡಗಡೆಯೇ ಲೇತ್ ಅಣ್ಣ, ನೀವು ಶಕುನದ ಹಲ್ಲಿ! ಎಡ ಪಿಸ್ಟನ್ ತಲೆ ಮೇಲೆ ಏನೂ ಇಲ್ಲ, ಬಲಗಡೆ 0.50. ಎಡ ಪೋರ್ಟ್ ಒಳಗೆ ಒರಟು, ಬಲಗಡೆ ಕನ್ನಡಿ ಥರ ಗೆರೆ. ಎತ್ತರದಲ್ಲಿ ಒಂದೂವರೆ ಎಂಎಂ ಹತ್ತಿರ ವ್ಯತ್ಯಾಸ. ಹಳದಿ ಡಬ್ಬದವರಿಗೆ ಪಿಸ್ಟನ್ ತಲೆ ಫೋಟೋ ಕಳಿಸಿ ಅಂದೆ, ಆಮೇಲೆ ಉತ್ತರ ಇಲ್ಲ. ಈಗ ಎರಡನ್ನೂ 0.50ಗೆ ಬೋರ್ ಮಾಡಿಸಿ ಹಾಕಿಬಿಡಲಾ?

ಲೇತ್_ಮೈಸೂರ್‌ರೋಡ್ ಹೇಳಿದ್ದು:

ಬೇಡ. ಪಿಸ್ಟನ್ ಸೈಜ್ ಒಂದು ಮಾಡಬಹುದು, ಪೋರ್ಟ್ ಎತ್ತರ ಒಂದಾಗಲ್ಲ. ಎಡ ಕಾಲು ನಡೀತಿದ್ರೆ ಬಲ ಕಾಲು ಓಡ್ತಿರುತ್ತೆ.

ನಿಮ್ಮ ಎಡಗಡೆದು ಉಜ್ಜದ ಬೋರ್, ಸ್ಟಾಂಡರ್ಡ್ ಪಿಸ್ಟನ್, ತಿಂಗಳೂ 1986ರದು. ಅದು ಗಾಡಿಯ ಜೊತೆ ಬಂದ ಎಲ್‌ಟಿಯೇ ಇರಬೇಕು ಅಂತ ನನ್ನ ಲೆಕ್ಕ. ಬಲಗಡೆದು ಯಾರೋ ರೇಸಿನವರ ಜೋಡಿಯಿಂದ ಒಂಟಿಯಾಗಿ ಬಂದು ಕೂತಿದೆ. ಅದಕ್ಕೆ ಎಚ್‌ಟಿ ಹುಡುಕೋದನ್ನ ಬಿಡಿ, ಬಲಗಡೆಗೆ ಉಜ್ಜದ ಎಲ್‌ಟಿ ಬೋರ್ ಒಂದು ಹುಡುಕಿ. ಎಲ್ಲರೂ ಎಚ್‌ಟಿ ಹಿಂದೆ ಬಿದ್ದಿರೋದರಿಂದ ಎಲ್‌ಟಿ ಒಂಟಿ ಬೋರ್ ಶಿವಾಜಿನಗರದ ಗುಜರಿಯಲ್ಲಿ, ಚೆನ್ನೈನ ಪುದುಪೇಟೆಯಲ್ಲಿ ಇನ್ನೂ ಮರ್ಯಾದೆಯ ಬೆಲೆಗೆ ಸಿಗುತ್ತೆ. ವರ್ನಿಯರ್ ಜೇಬಲ್ಲಿಟ್ಕೊಂಡು ಹೋಗಿ, ನಿಮ್ಮ ಎಡ ಬೋರಿನ ಅಳತೆ ಚೀಟಿಯಲ್ಲಿ ಬರೆದಿಟ್ಕೊಳ್ಳಿ. ಅಂಗಡಿಯವನು 'ಅಳತೆ ಯಾಕೆ ಸಾರ್, ಕಣ್ಣಲ್ಲೇ ಗೊತ್ತಾಗುತ್ತೆ' ಅಂದ್ರೆ ಮುಂದಿನ ಅಂಗಡಿಗೆ ಹೋಗಿ.

ಉಜ್ಜಿದ ಬಲ ಬೋರನ್ನ ಬಿಸಾಕಬೇಡಿ. ಅದರ ಜೊತೆಗಾರನನ್ನ ಹುಡುಕ್ತಿರೋನು ಎಲ್ಲೋ ಒಬ್ಬ ಇದಾನೆ, ಇಲ್ಲೇ ಒಂದು ಪೋಸ್ಟ್ ಹಾಕಿ.

ಬೋರ್ ತರುವಾಗ ಪಿಸ್ಟನ್ ಇಲ್ಲದೆ ಬರಬೇಡಿ. ಕ್ರ್ಯಾಂಕನ್ನೂ ತನ್ನಿ, ಎಡಗಡೆ ಸೀಲ್ ನೋಡೋಣ.